ಮರುಗಿರಿಯ ಕಿರುದಾರಿ: ಸೀನಾಯಿ ಪರ್ವತಾರೋಹಣ ವಿಚಾರ

ಅಮರಸಿಂಹನ 'ನಾಮಲಿಂಗಾನುಶಾಸನ'ವನ್ನು ಎಳವೆಯಲ್ಲಿ ಬಾಯಿಪಾಠ ಮಾಡಿದವರಿಗೆ 'ಮರು' ಎಂಬ ಶಬ್ದವು ಅಲ್ಲಿ ಎರಡು ಎಡೆಗಳಲ್ಲಿ ಎದುರಾಗುವುದು ನೆನಪಿರಬಹುದು. ಭೂಮಿವರ್ಗದಲ್ಲಿ ಅದು 'ಧನ್ವ' ಶಬ್ದದ ಜೊತೆಗೆ ನಿಂತು ನೀರಿಲ್ಲದ ನೆಲವನ್ನು ಹೇಳುತ್ತದೆ. ನಾನಾರ್ಥವರ್ಗದಲ್ಲಿ ಅದೇ ಶಬ್ದಕ್ಕೆ ಬೆಟ್ಟವೆಂಬ ಅರ್ಥವನ್ನೂ ಕೊಟ್ಟಿದೆ. ಪ್ರಾಣತ್ಯಾಗವನ್ನು ಹೇಳುವ 'ಮೃ' ಧಾತುವಿನಿಂದ ಈ ಶಬ್ದವನ್ನು ವೈಯಾಕರಣರು ಸಾಧಿಸುತ್ತಾರೆ. ಜೀವಿಗಳು ಎಲ್ಲಿ ಸಾಯುವುವೋ ಅದು ಮರು. ನಮ್ಮ ಕನ್ನಡವಾದರೋ ನೀರಿಲ್ಲದ ನೆಲವನ್ನು 'ಬೆಂಗಾಡು' ಎಂದು ಕರೆದು, ಅಲ್ಲಿ ನೀರಿನಂತೆ ತೋರಿ ಕಣ್ಣನ್ನು ವಂಚಿಸುವುದಕ್ಕೆ 'ಬಿಸಿಲ್ಗುದುರೆ' ಎಂಬ ಸೊಗಸಾದ ಹೆಸರನ್ನಿಟ್ಟಿತು.

ಇಷ್ಟನ್ನೂ ನಾನು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಮರುಭೂಮಿಯೂ ಬೆಟ್ಟವೂ ಒಂದೇ ಶಬ್ದದ ಅರ್ಥಗಳಾದುದು ಏಕೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಯೋಚಿಸಿರಲಿಲ್ಲ. 56ನೆಯ ವಯಸ್ಸಿನಲ್ಲಿ, ಈಜಿಪ್ಟ್ ದೇಶದ ಸೀನಾಯಿ ಪರ್ವತದ ಕಲ್ಲುಮೆಟ್ಟಿಲೊಂದರ ಮೇಲೆ ತಲೆ ತಿರುಗಿ ಕುಳಿತಾಗ ಈ ಎರಡು ಅರ್ಥಗಳೂ ಒಟ್ಟಿಗೆ ಅನುಭವಕ್ಕೆ ಬಂದವು. ಆ ಅನುಭವದಿಂದ ಕಲಿತ ಕೆಲವು ಸಂಗತಿಗಳನ್ನು ಸಹೋದ್ಯೋಗಿಗಳಾದ ಅಧ್ಯಾಪಕರ, ದೂರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳ ಮತ್ತು ಪೋಷಕ ಮಹನೀಯರ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಟ್ಟ ಮತ್ತು ಮಠ

ಏಷ್ಯಾ ಆಫ್ರಿಕಾ ಖಂಡಗಳ ನಡುವೆ, ಕೆಂಪು ಸಮುದ್ರದ ಎರಡು ಕವಲುಗಳ ಮಧ್ಯದಲ್ಲಿ ತ್ರಿಕೋನಾಕಾರವಾಗಿ ಚಾಚಿಕೊಂಡಿರುವ ನೆಲವೇ ಸೀನಾಯಿ ಪರ್ಯಾಯದ್ವೀಪ. ಮರುಭೂಮಿಯೆಂದೊಡನೆ ನಮ್ಮ ಕಣ್ಣಮುಂದೆ ಮರಳಿನ ದಿಬ್ಬಗಳು ನಿಲ್ಲುತ್ತವೆ. ಈ ಪ್ರದೇಶದ ದಕ್ಷಿಣಭಾಗ ಹಾಗಿಲ್ಲ. ಅದೆಲ್ಲವೂ ಕೆಂಗಲ್ಲಿನ ಬೆಟ್ಟಗಳ ಸಾಲು. ಈಜಿಪ್ಟಿನಲ್ಲೇ ಅತ್ಯಂತ ಎತ್ತರವಾದ ಶಿಖರ, ಸುಮಾರು 2,630 ಮೀಟರು ಎತ್ತರದ ಸಂತ ಕ್ಯಾಥರೀನ್ ಪರ್ವತ, ಇಲ್ಲಿಯದೇ. ಅದರ ನೆರೆಯಲ್ಲಿ 2,285 ಮೀಟರು ಎತ್ತರಕ್ಕೆ ನಿಂತಿರುವುದು ಜೆಬೆಲ್ ಮೂಸಾ, ಅಂದರೆ ಮೋಶೆಯ ಬೆಟ್ಟ. ಪ್ರವಾದಿ ಮೋಶೆ ಇಲ್ಲಿ ದೇವರಿಂದ ಹತ್ತು ಆಜ್ಞೆಗಳನ್ನು ಪಡೆದನೆಂಬುದು ಪರಂಪರೆಯ ನಂಬಿಕೆ. ಯೆಹೂದ್ಯರಿಗೂ ಕ್ರೈಸ್ತರಿಗೂ ಮುಸಲ್ಮಾನರಿಗೂ ಮೋಶೆ ಪೂಜ್ಯನಾದವನು. ಆ ಕಾರಣ ಶಿಖರದ ಮೇಲೆ 1934ರಲ್ಲಿ ಪುನಃ ಕಟ್ಟಿದ ಒಂದು ಪುಟ್ಟ ಪ್ರಾರ್ಥನಾಮಂದಿರವೂ ಒಂದು ಚಿಕ್ಕ ಮಸೀದಿಯೂ ನೆರೆಹೊರೆಯವರಂತೆ ಇವೆ.

ಬೆಟ್ಟದ ಬುಡದಲ್ಲಿ, ಸುಮಾರು 1,550 ಮೀಟರು ಎತ್ತರದ ಕಣಿವೆಯಲ್ಲಿ, ಸಂತ ಕ್ಯಾಥರೀನ್ ಮಠವಿದೆ. ಆರನೆಯ ಶತಮಾನದಲ್ಲಿ ಬೈಜಾಂಟಿಯಮ್ ಚಕ್ರವರ್ತಿ ಜಸ್ಟಿನಿಯನ್ ಇದರ ಕೋಟೆಗೋಡೆಯನ್ನು ಕಟ್ಟಿಸಿದನು. ಅಂದಿನಿಂದ ಇಂದಿನವರೆಗೆ ಅಲ್ಲಿ ಸನ್ಯಾಸಿಗಳ ವಾಸವಿದೆ. ಹಿಂದಿನ ಕಾಲದಲ್ಲಿ ಕಳ್ಳಕಾಕರ ಭಯದಿಂದ ಕೆಳಗಿನ ಬಾಗಿಲನ್ನು ಮುಚ್ಚಿ, ಬಂದವರನ್ನು ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕೂಡಿಸಿ ಗೋಡೆಯ ಮೇಲಕ್ಕೆ ಸೇದಿಕೊಳ್ಳುತ್ತಿದ್ದರಂತೆ. 2002ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮಠವನ್ನೂ ಸುತ್ತಲಿನ ಪ್ರದೇಶವನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನಂಥ ಓಲೆಗರಿಯ ಹುಳುವಿಗೆ ಈ ಮಠದ ಆಕರ್ಷಣೆ ಬೇರೆ. ಅದರ ಗ್ರಂಥಭಂಡಾರದಲ್ಲಿ 3,000ಕ್ಕೂ ಮಿಕ್ಕಿದ ಹಸ್ತಪ್ರತಿಗಳಿವೆ. ನಾಲ್ಕನೆಯ ಶತಮಾನದ ಗ್ರೀಕ್ ಬೈಬಲ್ ಪ್ರತಿಯೊಂದನ್ನು ಜರ್ಮನ್ ವಿದ್ವಾಂಸ ಟಿಷೆಂಡಾರ್ಫ್ 1844ರಲ್ಲಿ ಮೊದಲು ಕಂಡದ್ದು ಇಲ್ಲಿಯೇ. ಅದರ ಬಹುಭಾಗ ರಷ್ಯಾಕ್ಕೆ ಹೋಗಿ, 1933ರಲ್ಲಿ ಒಂದು ಲಕ್ಷ ಪೌಂಡುಗಳಿಗೆ ಬ್ರಿಟನ್ನಿಗೆ ಮಾರಾಟವಾಯಿತು. ಈಗ 347 ಹಾಳೆಗಳು ಲಂಡನ್ನಿನಲ್ಲಿವೆ. 1975ರಲ್ಲಿ ಮಠದೊಳಗೇ ಮುಚ್ಚಿಹೋಗಿದ್ದ ಕೋಣೆಯೊಂದರಲ್ಲಿ ಅದೇ ಗ್ರಂಥದ ಇನ್ನೂ ಕೆಲವು ಹಾಳೆಗಳು ದೊರೆತವು. ಚರ್ಮದ ಹಾಳೆಯ ಮೇಲಿನ ಮಸಿ 1,600 ವರ್ಷ ಉಳಿಯಿತೆಂದರೆ ಅದಕ್ಕೆ ಸನ್ಯಾಸಿಗಳ ಎಚ್ಚರ ಎಷ್ಟು ಕಾರಣವೋ ಅಲ್ಲಿಯ ಒಣಹವೆಯೂ ಅಷ್ಟೇ ಕಾರಣ. ನಮ್ಮ ಓಲೆಗರಿಗಳು ತೇವಕ್ಕೂ ಗೆದ್ದಲಿಗೂ ಹುಳುವಿಗೂ ಸಿಕ್ಕಿ ಕೆಲವು ತಲೆಮಾರುಗಳಲ್ಲೇ ಜೀರ್ಣವಾಗಿ, ಮತ್ತೆ ಮತ್ತೆ ಪ್ರತಿಯೆತ್ತಿದ್ದರಿಂದ ಮಾತ್ರ ನಮ್ಮ ಕಾವ್ಯಗಳು ಉಳಿದವು. ಸೀನಾಯಿಯ ಹವೆ ಹಾಗಲ್ಲ. ವರ್ಷಕ್ಕೆ ನೂರು ಮಿಲಿಮೀಟರಿಗಿಂತ ಕಡಮೆ ಮಳೆ ಬೀಳುವ ಆ ನಾಡಿನಲ್ಲಿ ಪುಸ್ತಕಕ್ಕೆ ಶತ್ರುಗಳಿಲ್ಲ.

ಆದರೆ ಪುಸ್ತಕವನ್ನು ಕಾಪಾಡುವ ಆ ಒಣಹವೆಯೇ ಮನುಷ್ಯನ ಒಡಲಿನ ನೀರನ್ನು ಸದ್ದಿಲ್ಲದೆ ಹೀರುತ್ತದೆ. ಈ ಮಾತು ಹೊಳೆಯದೆ ನಾನು ಬೆಟ್ಟ ಹತ್ತಿದೆ.

ದಾರಿಯ ಸ್ವರೂಪ

ಮಠದಿಂದ ಶಿಖರಕ್ಕೆ ಎರಡು ದಾರಿಗಳು. ಒಂದು ಹತ್ತೊಂಬತ್ತನೆಯ ಶತಮಾನದಲ್ಲಿ ಈಜಿಪ್ಟಿನ ಆಳರಸ ಅಬ್ಬಾಸ್ ಪಾಷಾ ಮಾಡಿಸಿದ ಒಂಟೆದಾರಿ. ಅಂಕುಡೊಂಕಾಗಿ ನಿಧಾನವಾಗಿ ಏರುತ್ತದೆ. ಮತ್ತೊಂದು, ಬಂಡೆಯ ಕೊರಕಲಿನಲ್ಲಿ ನೇರವಾಗಿ ಮೇಲೇರುವ ಮೆಟ್ಟಿಲುದಾರಿ. ಇದರಲ್ಲಿ 3,750 ಮೆಟ್ಟಿಲುಗಳೆಂದು ಲೆಕ್ಕ. ಸನ್ಯಾಸಿಯೊಬ್ಬನು ತನ್ನ ತಪ್ಪಿನ ಪ್ರಾಯಶ್ಚಿತ್ತಕ್ಕಾಗಿ ಇವನ್ನು ಕಡಿದು ಜೋಡಿಸಿದನೆಂಬುದು ಐತಿಹ್ಯ. ಆದ್ದರಿಂದಲೇ 'ಪಶ್ಚಾತ್ತಾಪದ ಮೆಟ್ಟಿಲು'ಗಳೆಂದು ಹೆಸರು. ಶಿಖರಕ್ಕೆ 750 ಮೆಟ್ಟಿಲು ಉಳಿದಿರುವಾಗ ಎರಡು ದಾರಿಗಳೂ ಕೂಡುತ್ತವೆ. ಅಲ್ಲಿಂದ ಮೇಲಕ್ಕೆ ಒಂಟೆಯೂ ಬಾರದು. ಆ ಕೂಡುದಾಣದ ಬಳಿ ಎಲೀಯನ ಬಟ್ಟಲು ಎಂಬ ತಗ್ಗಿದೆ. ಸುತ್ತಲೂ ಬರಿಯ ಕಲ್ಲೇ ಇರುವಲ್ಲಿ ಅಲ್ಲೊಂದು ಹಳೆಯ ಸೈಪ್ರೆಸ್ ಮರ ಹಸಿರಾಗಿ ನಿಂತಿರುವುದನ್ನು ಕಂಡರೆ ಕಣ್ಣು ತಣಿಯುತ್ತದೆ.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಯಾತ್ರಾರ್ಥಿಣಿ ಈ ಬೆಟ್ಟವನ್ನು ಹತ್ತಿ ತನ್ನ ಪ್ರವಾಸವನ್ನು ಬರೆದಿಟ್ಟಿದ್ದಾಳೆ. ಆಕೆಯ ಕಾಲದಿಂದಲೂ ಇದು ಒಂದು ದಿನದೊಳಗೆ ಮುಗಿಯುವ ಸಣ್ಣ ಪಯಣವೇ. ಒಂಟೆದಾರಿಯಲ್ಲಿ ಹೋದರೂ ಎರಡು ಮೂರು ಗಂಟೆಗಳಲ್ಲಿ ಶಿಖರ ಸಿಕ್ಕುತ್ತದೆ. ಏರಬೇಕಾದ ಎತ್ತರ ಸುಮಾರು 700 ಮೀಟರು. ಇಂದು ಹೆಚ್ಚಿನವರು ನಡುರಾತ್ರಿಯ ಮೇಲೆ ಹೊರಟು, ಶಿಖರದಲ್ಲಿ ಸೂರ್ಯೋದಯವನ್ನು ನೋಡಿ, ಬಿಸಿಲೇರುವ ಮೊದಲು ಇಳಿಯುತ್ತಾರೆ. ಜೊತೆಗೆ ಸ್ಥಳೀಯ ಬೆದೂಯಿನ್ ಮಾರ್ಗದರ್ಶಕನಿರಬೇಕು.

ನಾನು ಮಾಡಿದ ತಪ್ಪು

ಕೈರೋ ನಗರದಲ್ಲಿ ಎಂಜಿನಿಯರ್ ಆಗಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬೇಸಿಗೆಯ ರಜೆಯಲ್ಲಿ ನನ್ನನ್ನು ಪ್ರೀತಿಯಿಂದ ಕರೆಸಿಕೊಂಡರು. ಏನು ನೋಡಬೇಕೆಂದು ಕೇಳಿದಾಗ ಪಿರಮಿಡ್ಡುಗಳಿಗಿಂತ ಮೊದಲು ನಾನು ಹೇಳಿದ್ದು ಈ ಮಠದ ಹೆಸರನ್ನು. ಮೇ ತಿಂಗಳ ಒಂದು ಶುಕ್ರವಾರ ಅಲ್ಲಿಗೆ ತಲಪಿದೆವು. ಶನಿವಾರ ಬೆಳಗಿನ ಜಾವ ಬೆಟ್ಟ ಹತ್ತಿ, ಇಳಿದು, ಮಠವನ್ನು ನೋಡಿ ಹೊರಡುವುದೆಂದು ಗೊತ್ತಾಯಿತು. ಮಠದ ಬಾಗಿಲು ಪ್ರವಾಸಿಗಳಿಗೆ ತೆರೆದಿರುವುದು ಮುಂಜಾನೆಯ ಕೆಲವೇ ಗಂಟೆ, ಭಾನುವಾರ ಪ್ರವೇಶವಿಲ್ಲ.

"ಗುರುಗಳೇ, ಇನ್ನೆರಡು ಬಾಟಲಿ ನೀರು ಇಟ್ಟುಕೊಳ್ಳೋಣ" ಎಂದು ಶಿಷ್ಯರು ಹೊರಡುವಾಗ ಹೇಳಿದರು. ಒಂದು ಲೀಟರಿನ ಬಾಟಲಿ ನನ್ನ ಚೀಲದಲ್ಲಿತ್ತು. "ನಮ್ಮೂರ ಬೆಟ್ಟವನ್ನು ಪ್ರತಿ ಸೋಮವಾರ ಬರಿಗಾಲಿನಲ್ಲಿ ಹತ್ತುವವನಿಗೆ ಇದೇನಪ್ಪ" ಎಂದು ನಕ್ಕೆ. ಮೇ ತಿಂಗಳ ರಾಯಚೂರನ್ನೂ ಕಲಬುರಗಿಯನ್ನೂ ಕಂಡವನಿಗೆ ಅಲ್ಲಿಯ ಬಿಸಿಲು ಲೆಕ್ಕಕ್ಕೇ ಬರಲಿಲ್ಲ. ನಿಜಕ್ಕೂ ಅಲ್ಲಿಯ ಹಗಲಿನ ಬಿಸಿ ನಮ್ಮ ಬಯಲುಸೀಮೆಯಷ್ಟಿಲ್ಲ. ರಾತ್ರಿಯಂತೂ ಕಂಬಳಿ ಹೊದೆಯುವಷ್ಟು ಚಳಿ. ಬ್ಯಾಟರಿಯ ಬೆಳಕಿನಲ್ಲಿ ಮೂರು ಗಂಟೆ ನಡೆದರೂ ಬಾಯಾರಿಕೆಯಾಗಲಿಲ್ಲ. ದಾರಿಯ ಚಹದಂಗಡಿಗಳಲ್ಲಿ ಒಂದೆರಡು ಲೋಟ ಚಹ ಕುಡಿದದ್ದೇ ಸಾಕೆನಿಸಿತು. ಶಿಖರದಲ್ಲಿ ಕತ್ತಲು ಕರಗಿ, ಒಂದರ ಹಿಂದೊಂದು ಬೆಟ್ಟಸಾಲು ಕೆಂಪಾಗುತ್ತ ಬಂದುದನ್ನು ಕಂಡು ಮೈಮರೆತು ಕುಳಿತೆ. ಇಳಿಯಲು ಹೊರಟಾಗ ಹೊತ್ತು ಮೀರಿತ್ತು.

ಮಠದ ಬಾಗಿಲು ಮುಚ್ಚುವ ಮೊದಲು ಸೇರಬೇಕೆಂಬ ಆತುರದಲ್ಲಿ ನಾನೇ ಹಟ ಹಿಡಿದು ಮೆಟ್ಟಿಲುದಾರಿಯನ್ನು ಆರಿಸಿದೆ. ಒಂದು ಮೆಟ್ಟಿಲಿದ್ದಂತೆ ಇನ್ನೊಂದಿಲ್ಲ. ಕೆಲವು ಗೇಣಿನಷ್ಟು, ಕೆಲವು ಮೊಣಕಾಲಿನೆತ್ತರ. ಅರ್ಧದಾರಿಯಲ್ಲಿ ತೊಡೆಗಳು ನಡುಗಲಾರಂಭಿಸಿದವು, ಮೀನಖಂಡ ಸೆಳೆತ ಹಿಡಿಯಿತು, ತಲೆನೋವು, ಕಣ್ಣಿಗೆ ಕತ್ತಲು ಕವಿದಂತಾಯಿತು. ಅಂಗಿಯಲ್ಲಿ ಬೆವರಿನ ಹಸಿಯೇ ಇರಲಿಲ್ಲ. ಮಾರ್ಗದರ್ಶಕನು ನನ್ನ ಬೆನ್ನನ್ನು ತೋರಿಸಿ ಶಿಷ್ಯರಿಗೆ ಏನನ್ನೋ ಹೇಳಿದನು. ಬಟ್ಟೆಯ ಮೇಲೆ ಬಿಳಿಯ ಗೆರೆಗಳಾಗಿ ಉಪ್ಪು ಹೊಮ್ಮಿತ್ತು. ಬೆವರು ಬಂದಿತ್ತು, ಬಂದ ಕ್ಷಣವೇ ಆರಿಹೋಗಿತ್ತು.

ಬಂಡೆಯೊಂದರ ನೆರಳಿನಲ್ಲಿ ನನ್ನನ್ನು ಮಲಗಿಸಿ, ಕಾಲುಗಳನ್ನು ಕಲ್ಲಿನ ಮೇಲೆತ್ತಿಟ್ಟು, ಉಪ್ಪು ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯ ಮೇಲೆ ಎದ್ದು ಹೊರಡಲು ಹವಣಿಸಿದೆ. ಮಾರ್ಗದರ್ಶಕನು ಅಲ್ಲಾಡಲಿಲ್ಲ. ಶಿಷ್ಯರು ಅವನ ಮಾತನ್ನು ಕನ್ನಡಕ್ಕೆ ತಂದು ಹೇಳಿದರು: "ಗುರುಗಳೇ, ಸಾವಿರದ ನಾನೂರು ವರ್ಷ ನಿಂತ ಮಠ ನಾಳೆಯೂ ಇರುತ್ತದೆ, ಹಿರಿಯರು ಕುಳಿತುಕೊಳ್ಳಲಿ ಎನ್ನುತ್ತಾನೆ." ಒಂದೂವರೆ ಗಂಟೆ ಕುಳಿತೆವು. ಕೆಳಗಿಳಿದಾಗ ಬಾಗಿಲು ಮುಚ್ಚಿತ್ತು. ಮರುದಿನ ಭಾನುವಾರ, ಅದರ ಮರುದಿನ ನನ್ನ ವಿಮಾನ. ಸಾವಿರಾರು ಮೈಲಿ ದೂರದಿಂದ ಯಾವ ಗ್ರಂಥಗಳಿರುವ ಮನೆಯನ್ನು ನೋಡಲೆಂದು ಹೋಗಿದ್ದೆನೋ ಅದರ ಹೊರಗೋಡೆಯನ್ನು ಮಾತ್ರ ಮುಟ್ಟಿ ಬಂದೆ. ತಪ್ಪು ನನ್ನದೇ.

ಒಣಹವೆಯ ಲೆಕ್ಕ

ಊರಿಗೆ ಬಂದ ಮೇಲೆ ನಮ್ಮ ಶಾಲೆಯ ವಿಜ್ಞಾನ ಅಧ್ಯಾಪಕರೊಡನೆ ಕುಳಿತು ಇದರ ಕಾರಣವನ್ನು ವಿಚಾರಿಸಿದೆ. ಅವರು ಕರಿಹಲಗೆಯ ಮೇಲೆ ಮಾಡಿ ತೋರಿಸಿದ ಲೆಕ್ಕ ಹೀಗಿದೆ.

60 ಕಿಲೋಗ್ರಾಂ ತೂಕದ ಮನುಷ್ಯನು 700 ಮೀಟರು ಎತ್ತರಕ್ಕೆ ತನ್ನ ದೇಹವನ್ನು ಎತ್ತಿಕೊಂಡು ಹೋಗುವುದಕ್ಕೆ ಬೇಕಾದ ಶಕ್ತಿ ಸುಮಾರು 410 ಕಿಲೋಜೂಲು. ಆದರೆ ನಮ್ಮ ಸ್ನಾಯುಗಳು ಅನ್ನದಿಂದ ಬಂದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಮಾತ್ರ ಕೆಲಸಕ್ಕೆ ತಿರುಗಿಸಬಲ್ಲವು. ಉಳಿದುದೆಲ್ಲ ಶಾಖವಾಗಿ ಹೊರಬೀಳುತ್ತದೆ. ಆ ಲೆಕ್ಕದಂತೆ ಈ ಏರಿಕೆಯಲ್ಲಿ 1,200ರಿಂದ 1,600 ಕಿಲೋಜೂಲುಗಳಷ್ಟು ಶಾಖ ಒಡಲಲ್ಲಿ ಹುಟ್ಟುತ್ತದೆ. ಅದನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು. ಒಂದು ಲೀಟರು ಬೆವರು ಆರುವಾಗ ಸುಮಾರು 2,400 ಕಿಲೋಜೂಲು ಶಾಖವನ್ನು ಒಯ್ಯುತ್ತದೆ. ಆದ್ದರಿಂದ ಬರಿಯ ಏರಿಕೆಗೇ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ನೀರು ಬೇಕು. ನೆತ್ತಿಯ ಮೇಲಿನ ಬಿಸಿಲು, ಕಾದ ಬಂಡೆಯಿಂದ ಹೊಮ್ಮುವ ಝಳ, ಒಣಗಾಳಿಯಲ್ಲಿ ಪ್ರತಿಯೊಂದು ಉಸಿರಿನೊಡನೆ ಹೋಗುವ ತೇವ, ಮತ್ತೆ ಇಳಿಯುವ ಶ್ರಮ, ಇವೆಲ್ಲ ಅದರ ಮೇಲಿನ ಖರ್ಚು. ಬಿಸಿಲಿನಲ್ಲಿ ಬಿರುಸಾಗಿ ನಡೆಯುವವನು ಗಂಟೆಗೆ ಒಂದು ಲೀಟರಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಬೆವರುವುದು ಅಪರೂಪವಲ್ಲ.

ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ನೀರು ಕಡಮೆಯಾದರೆ ಶಕ್ತಿಯೂ ಅವಧಾನವೂ ಕುಂದುತ್ತವೆ. 60 ಕಿಲೋ ತೂಕದವನಿಗೆ ಅದು 1.2 ಲೀಟರು ಮಾತ್ರ. ನಾನು ನಡುರಾತ್ರಿಯಿಂದ ಮುಂಜಾನೆ ಒಂಬತ್ತೂವರೆಯವರೆಗೆ ಕುಡಿದ ನೀರು ಒಂದು ಲೀಟರಿಗೂ ಕಡಮೆ. ಬಾಯಾರಿಕೆ ಏಕೆ ಆಗಲಿಲ್ಲವೆಂದರೆ, ಚಳಿಯಲ್ಲಿ ಬಾಯಾರಿಕೆ ಮಂದವಾಗುತ್ತದೆ. ವಯಸ್ಸಾದಂತೆ ಇನ್ನಷ್ಟು ಮಂದವಾಗುತ್ತದೆ. ನಮ್ಮ ಕರಾವಳಿಯಲ್ಲಿ ಬೆವರು ಮೈಮೇಲೆ ನಿಂತು, ಹರಿದು, ಎಚ್ಚರಿಕೆ ಕೊಡುತ್ತದೆ. ಮರುಭೂಮಿಯಲ್ಲಿ ಅದು ಕಾಣಿಸಿಕೊಳ್ಳದೆ ಹೋಗುವುದರಿಂದ ನೀರು ಖರ್ಚಾಗುತ್ತಿದೆಯೆಂಬ ಸುಳಿವೇ ಸಿಗುವುದಿಲ್ಲ. ಬಿಸಿಲ್ಗುದುರೆ ಇಲ್ಲದ ನೀರನ್ನು ತೋರಿಸಿ ಮೋಸಗೊಳಿಸಿದರೆ, ಒಣಹವೆ ಹೋಗುವ ನೀರನ್ನು ಮರೆಮಾಡಿ ಮೋಸಗೊಳಿಸುತ್ತದೆ.

ನೀರಿನ ಜೊತೆ ಉಪ್ಪೂ ಹೋಗುತ್ತದೆಂಬುದನ್ನು ಮರೆಯಬಾರದು. ಉಪ್ಪಿಲ್ಲದೆ ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಅಂಶ ಇಳಿದು ವಾಂತಿ, ಮಂಕು, ಸೆಳವು ಬರಬಹುದು. ಆದುದರಿಂದ ನೀರಿನೊಡನೆ ಉಪ್ಪು ಬೆರೆತ ತಿನಿಸೂ ಇರಬೇಕು. ಒಂದು ಲೀಟರು ಶುದ್ಧಜಲಕ್ಕೆ ಆರು ಚಹಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸುವ ಪಾನಕವನ್ನು ಪ್ರತಿಯೊಬ್ಬ ಅಧ್ಯಾಪಕನೂ ತಿಳಿದಿರತಕ್ಕದ್ದು.

ಇದಕ್ಕಿಂತ ಘೋರವಾದುದು ಬಿಸಿಲಾಘಾತ. ಒಡಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ, ಮನುಷ್ಯನು ತಡಬಡಿಸಿ ಮಾತಾಡಲಾರಂಭಿಸಿದರೆ, ದಾರಿ ತಪ್ಪಿದವನಂತೆ ವರ್ತಿಸಿದರೆ, ಅದು ಆಯಾಸವಲ್ಲ, ಪ್ರಾಣಾಪಾಯ. ಅಂಥವನಿಗೆ ಬಾಯಲ್ಲಿ ನೀರು ಹೊಯ್ಯುತ್ತ ಕೂಡದೆ, ಒಡನೆಯೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯೆಲ್ಲ ನೆನೆಸಿ ಗಾಳಿ ಬೀಸಬೇಕು; ವೈದ್ಯರ ಸಹಾಯಕ್ಕೆ ಆ ಕ್ಷಣವೇ ಹೇಳಿಕಳಿಸಬೇಕು. ಮೊದಲು ತಣ್ಣಗಾಗಿಸುವುದು, ಆಮೇಲೆ ಸಾಗಿಸುವುದು.

ಚಳಿಯೂ ಪ್ರವಾಹವೂ

ಮರುಭೂಮಿಯ ಬೆಟ್ಟದಲ್ಲಿ ಬಿಸಿಲಷ್ಟೇ ಶತ್ರುವೆಂದು ತಿಳಿಯಬಾರದು. ಹವೆಯಲ್ಲಿ ತೇವವಿಲ್ಲ, ಮೋಡವಿಲ್ಲ. ಆದ್ದರಿಂದ ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಬರಿಯ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೇಲಾಗಿ ಸಾವಿರ ಮೀಟರು ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿಯಷ್ಟು ತಗ್ಗುತ್ತದೆ. ಚಳಿಗಾಲದಲ್ಲಿ ಸೀನಾಯಿಯ ಶಿಖರಗಳ ಮೇಲೆ ಹಿಮ ಬೀಳುವುದುಂಟು. 2014ರ ಫೆಬ್ರವರಿಯಲ್ಲಿ ಇದೇ ಬೆಟ್ಟಗಳಲ್ಲಿ ನಡೆಯಲು ಹೋದ ಈಜಿಪ್ಟಿನ ತರುಣತರುಣಿಯರ ತಂಡವೊಂದು ಹಿಮದ ಬಿರುಗಾಳಿಗೆ ಸಿಕ್ಕಿ ನಾಲ್ವರು ಅಸುನೀಗಿದರು. ಮರುಭೂಮಿಯಲ್ಲಿ ಚಳಿಯಿಂದ ಸಾವು! 'ಮರು' ಶಬ್ದದ ಎರಡು ಅರ್ಥಗಳು ಕೂಡಿದರೆ ಆಗುವುದು ಹೀಗೆ.

ನೀರಿಲ್ಲದ ನಾಡಿನಲ್ಲಿ ನೀರಿನಿಂದಲೂ ಸಾವುಂಟು. ಮಣ್ಣು ಹುಲ್ಲುಗಳಿಲ್ಲದ ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ, ಇಳಿಜಾರಿನಲ್ಲಿ ಒಗ್ಗೂಡಿ, 'ವಾದಿ' ಎಂದು ಅರಬರು ಕರೆಯುವ ಒಣಹಳ್ಳಗಳಲ್ಲಿ ಗೋಡೆಯಂತೆ ನುಗ್ಗಿಬರುತ್ತದೆ. ತಲೆಯ ಮೇಲೆ ಆಕಾಶ ನಿರ್ಮಲವಾಗಿದ್ದರೂ ದೂರದ ಮಳೆ ಪ್ರವಾಹವಾಗಿ ಬರಬಹುದು. 2024ರ ಏಪ್ರಿಲ್ ತಿಂಗಳಲ್ಲಿ ಓಮಾನ್ ದೇಶದಲ್ಲಿ ಇಂಥ ಹಳ್ಳದ ನೀರು ವಾಹನವನ್ನು ಕೊಚ್ಚಿಕೊಂಡು ಹೋಗಿ ಶಾಲೆಯ ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿಯನ್ನು ಓದಿದವರು ಮರೆಯಲಾರರು. ಒಣಹಳ್ಳದಲ್ಲಿ ಬಿಡಾರ ಹೂಡಬಾರದು. ಹರಿಯುವ ನೀರನ್ನು ದಾಟಲು ಸಾಹಸ ಮಾಡಬಾರದು.

ಬೆಟ್ಟದವರ ವಿದ್ಯೆ

ಈ ಬೆಟ್ಟಗಳಲ್ಲಿ ಬಾಳುವವರು ಜೆಬೆಲಿಯಾ ಎಂಬ ಬೆದೂಯಿನ್ ಪಂಗಡದವರು. ಹೆಸರಿನ ಅರ್ಥವೇ 'ಬೆಟ್ಟದವರು'. ಮಠದ ಸೇವೆಗೂ ಕಾವಲಿಗೂ ಜಸ್ಟಿನಿಯನ್ ಕಳಿಸಿಕೊಟ್ಟವರ ಸಂತತಿ ತಾವೆಂದು ಅವರ ಹೇಳಿಕೆ. ಮಠದವರು ಕ್ರೈಸ್ತರು, ಇವರು ಮುಸಲ್ಮಾನರು. ಶತಮಾನಗಳಿಂದ ಒಬ್ಬರನ್ನೊಬ್ಬರು ಆಶ್ರಯಿಸಿ ಬದುಕಿದ್ದಾರೆ. ಯಾವ ಪ್ರವಾಹಕ್ಕೆ ನಾವು ಹೆದರುವೆವೋ ಅದನ್ನೇ ಇವರು ಕಲ್ಲುಗೋಡೆಗಳಿಂದ ತಡೆದು, ಹೊತ್ತುತಂದ ಹೂಳನ್ನು ನಿಲ್ಲಿಸಿ, ಬಾವಿ ತೋಡಿ, ಬಾದಾಮಿ, ಅಂಜೂರ, ಆಲಿವ್, ಜರದಾಳು ಹಣ್ಣುಗಳ ತೋಟಗಳನ್ನು ಕಣಿವೆಗಳಲ್ಲಿ ಬೆಳೆಸಿದ್ದಾರೆ.

ನಮ್ಮ ಮಾರ್ಗದರ್ಶಕನ ನಡಿಗೆಯನ್ನು ಈಗ ನೆನೆದರೆ ಅದರಲ್ಲೊಂದು ಶಾಸ್ತ್ರವೇ ಇತ್ತೆನಿಸುತ್ತದೆ. ಅವನು ಎಂದೂ ಏದುಸಿರು ಬಿಡುವಷ್ಟು ಬಿರುಸಾಗಿ ನಡೆಯಲಿಲ್ಲ. ಬಾಯಾರಿಕೆಗೆ ಕಾಯದೆ ಆಗಾಗ ಗುಟುಕು ನೀರು ಕುಡಿಯುತ್ತಿದ್ದ. ಮೈತುಂಬ ಸಡಿಲವಾದ ಬಟ್ಟೆ, ತಲೆಗೂ ಕತ್ತಿಗೂ ಸುತ್ತಿದ ವಸ್ತ್ರ. ಬಿಸಿಲು ಕಾಣುವಷ್ಟು ಚರ್ಮ ಅವನದು ಮುಖವೊಂದೇ. ಎಲ್ಲಕ್ಕಿಂತ ಮುಖ್ಯವಾಗಿ, ಕುಳಿತುಕೊಳ್ಳಬೇಕಾದಾಗ ಕುಳಿತುಕೊಳ್ಳಲು ಅವನಿಗೆ ನಾಚಿಕೆಯಿರಲಿಲ್ಲ. ನನಗಿತ್ತು.

ಕಿರುದಾರಿಯ ಮೋಸ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಇಂದು ದುಬೈ, ಮಸ್ಕತ್‌ಗಳಲ್ಲಿಯೂ ಅಮೆರಿಕದ ಅರಿಜೋನಾ ಪ್ರಾಂತದಲ್ಲಿಯೂ ಇದ್ದಾರೆ. ರಜೆಯ ದಿನ ಹೆಂಡಿರು ಮಕ್ಕಳೊಡನೆ ಹಜರ್ ಪರ್ವತಗಳಿಗೋ ಫೀನಿಕ್ಸ್ ನಗರದ ಕ್ಯಾಮಲ್‌ಬ್ಯಾಕ್ ಬೆಟ್ಟಕ್ಕೋ ಹೋಗುವುದಾಗಿ ಪತ್ರ ಬರೆಯುತ್ತಾರೆ. ಈ ಎರಡನೆಯದು ಊರಿನ ನಡುವೆಯೇ ಇರುವ 824 ಮೀಟರಿನ ಗುಡ್ಡ. ಹತ್ತುವ ದಾರಿ ಎರಡು ಕಿಲೋಮೀಟರಿನಷ್ಟು. ಮೇಲೆ ನಿಂತರೆ ಮನೆಗಳೂ ರಸ್ತೆಗಳೂ ಕಾಣುತ್ತವೆ. ಆದರೂ ಬೇಸಿಗೆಯಲ್ಲಿ ಅಲ್ಲಿಂದ ಜನರನ್ನು ಹೊತ್ತು ಇಳಿಸಬೇಕಾಗುವ ಪ್ರಸಂಗಗಳು ಎಷ್ಟಾದುವೆಂದರೆ, ರಕ್ಷಣೆಗೆ ಹೋದವರೇ ಬಿಸಿಲಿಗೆ ಬಿದ್ದುದರಿಂದ, 2021ರಿಂದ ಅತಿತಾಪದ ಎಚ್ಚರಿಕೆಯ ದಿನಗಳಲ್ಲಿ ಹಗಲುಹೊತ್ತು ಆ ದಾರಿಗಳನ್ನು ಮುಚ್ಚುವ ಕ್ರಮವನ್ನು ನಗರಾಡಳಿತ ಕೈಗೊಂಡಿತು.

ದೀರ್ಘಯಾತ್ರೆಗೆ ಹೊರಡುವವನು ಸಿದ್ಧತೆ ಮಾಡಿಕೊಳ್ಳುತ್ತಾನೆ. ಕಿರುದಾರಿಗೆ ಹೊರಡುವವನು ಮಾಡಿಕೊಳ್ಳುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ಮರುಗಿರಿಯ ದಾರಿಯನ್ನು ಕಿಲೋಮೀಟರಿನಿಂದ ಅಳೆಯಬಾರದು. ಅಳೆಯಬೇಕಾದುದು ನೀರಿನಿಂದ, ಹೊತ್ತಿನಿಂದ, ಜೊತೆಯಿಂದ.

ನೀರಿನ ಅಳತೆ: ನಡೆಯುವ ಗಂಟೆಯೊಂದಕ್ಕೆ ತಲೆಗೆ ಅರ್ಧದಿಂದ ಒಂದು ಲೀಟರು, ಅದರ ಮೇಲೆ ಆಪತ್ತಿಗೆಂದು ಒಂದಿಷ್ಟು, ಅರ್ಧ ನೀರು ಮುಗಿಯುವ ಮೊದಲೇ ಹಿಂದಿರುಗುವುದು. ಹೊತ್ತಿನ ಅಳತೆ: ಬಿಸಿಲೇರುವ ಮೊದಲು ಇಳಿದಿರಬೇಕು, ಶಿಖರ ಸಿಕ್ಕಲಿ ಬಿಡಲಿ, ಇಂಥ ಗಂಟೆಗೆ ತಿರುಗುವೆವೆಂದು ಹೊರಡುವಾಗಲೇ ನಿಶ್ಚಯಿಸಬೇಕು, ಇಳಿದ ಮೇಲಿನ ಯಾವ ಕಾರ್ಯಕ್ರಮಕ್ಕೂ ಗಡುವು ಕಟ್ಟಿಕೊಳ್ಳಬಾರದು. ಜೊತೆಯ ಅಳತೆ: ಒಬ್ಬನೇ ಹೋಗಬಾರದು, ಗುಂಪು ನಡೆಯಬೇಕಾದುದು ಅದರಲ್ಲಿ ದುರ್ಬಲನಾದವನ ಹೆಜ್ಜೆಗೆ, ಯಾವ ದಾರಿ, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ಮನೆಯಲ್ಲಿರುವವರಿಗೆ ಹೇಳಿ ಹೊರಡಬೇಕು. ಬೆಟ್ಟದ ಮರೆಯಲ್ಲಿ ಮೊಬೈಲ್ ಫೋನು ಮೂಕವಾಗಬಹುದು.

ಉಪಸಂಹಾರ

ಈ ವಿಚಾರವು ಪರದೇಶಕ್ಕೆ ಮಾತ್ರ ಸಲ್ಲುವುದಲ್ಲ. ನಾವೂ ವರ್ಷಕ್ಕೊಮ್ಮೆ ಮಕ್ಕಳನ್ನು ಚಿತ್ರದುರ್ಗದ ಕೋಟೆಗೋ ಬಾದಾಮಿಯ ಬಂಡೆಗಳಿಗೋ ಕರೆದೊಯ್ಯುತ್ತೇವೆ. ಫೆಬ್ರವರಿ ಕಳೆದ ಮೇಲೆ ಅಲ್ಲಿಯ ಕಲ್ಲೂ ಕಾಯುತ್ತದೆ. ಮಕ್ಕಳು ಆಟದ ಉತ್ಸಾಹದಲ್ಲಿ ನೀರನ್ನು ಮರೆಯುತ್ತಾರೆ, ಅಧ್ಯಾಪಕನು ಮರೆಯಕೂಡದು. ಈ ವರ್ಷದಿಂದ ನಮ್ಮ ಶಾಲೆಯ ಪ್ರವಾಸಗಳಲ್ಲಿ ತಲೆಗಿಷ್ಟು ನೀರೆಂದು ಮೊದಲೇ ಲೆಕ್ಕ ಬರೆದು, ಹಿಂದಿರುಗುವ ಗಂಟೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿ ಹೊರಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಒಬ್ಬ ಹುಡುಗ ದಣಿದನೆಂದರೆ ಅವನನ್ನು ಹಾಸ್ಯ ಮಾಡದೆ ಎಲ್ಲರೂ ಕುಳಿತುಕೊಳ್ಳುತ್ತೇವೆ.

ನಾನು ನೋಡದೆ ಬಂದ ಗ್ರಂಥಭಂಡಾರದ ಬಗ್ಗೆ ಶಿಷ್ಯರು ಈಗಲೂ ಪತ್ರ ಬರೆದು, "ಗುರುಗಳೇ, ಇನ್ನೊಮ್ಮೆ ಬನ್ನಿ" ಎಂದು ಕರೆಯುತ್ತಾರೆ. ಹೋಗುವ ಆಸೆಯಿದೆ. ಹೋದರೆ ಮೊದಲ ದಿನ ಮಠವನ್ನು ನೋಡುತ್ತೇನೆ. ಮರುದಿನ ಬೆಟ್ಟ, ಅಂದು ಚೀಲದಲ್ಲಿ ನಾಲ್ಕು ಲೀಟರು ನೀರಿರುತ್ತದೆ, ಇಳಿಯುವಾಗ ಒಂಟೆದಾರಿ ಹಿಡಿಯುತ್ತೇನೆ, ಮಾರ್ಗದರ್ಶಕನು ಕುಳಿತುಕೊಳ್ಳೆಂದರೆ ಕುಳಿತುಕೊಳ್ಳುತ್ತೇನೆ.